ದುರ್ಗದ ಮಣ್ಣಿನ ಅರಮನೆ ಹುಡುಕಿಕೊಂಡು ಹೋದ ಕಥೆ

ಚಿತ್ರದುರ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ: ಬಸ್ಸು ಊರೊಳಗೆ ಹೋಗುತ್ತೋ, ಬೈಪಾಸಿನಲ್ಲೇ ಇಳಿಸಿಬಿಡುತ್ತೋ? ಮೈಸೂರಿನಿಂದ ಹೊರಟ ನಾವು ಕೇಳಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ 'ದುರ್ಗ, ದುರ್ಗ' ಅಂತ ಕೂಗಿದ್ದು ಕೇಳಿ ಕಣ್ಣುಜ್ಜಿಕೊಂಡು ಇಳಿದರೆ ಸುತ್ತ ಊರೇ ಇಲ್ಲ. ಲಾರಿಗಳು, ಕತ್ತಲೆ, ಎರಡು ನಾಯಿ. ಜೊತೆಗೆ ಹೆಂಡತಿ ಮತ್ತು ಎಪ್ಪತ್ತು ದಾಟಿದ ಮಾವ. ಅಲ್ಲಿದ್ದದ್ದು ಒಂದೇ ಆಟೋ. ನಮಗೆ ಬೇರೆ ದಾರಿಯಿಲ್ಲ ಅನ್ನೋದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. 300 ರೂಪಾಯಿ ಕೊಟ್ಟು ಊರು ಸೇರಿದೆವು.

ಲಾಡ್ಜಿನದು ಇನ್ನೊಂದು ಕಥೆ. ನಾಲ್ಕೂವರೆಗೆ ರೂಮು ಕೊಟ್ಟರು, ದುಡ್ಡೂ ಕಟ್ಟಿಸಿಕೊಂಡರು. ಎಂಟು ಗಂಟೆಗೆ ಹುಡುಗ ಬಂದು ಬಾಗಿಲು ಬಡಿದು, 'ಸಾರ್, ಇವತ್ತಿಂದು ಕಟ್ಬೇಕಂತೆ' ಅಂದ. ಅವರ ಲೆಕ್ಕದಲ್ಲಿ ದಿನ ಮುಗಿಯೋದು ಬೆಳಿಗ್ಗೆ ಎಂಟಕ್ಕೆ. ಮೂರೂವರೆ ಗಂಟೆಯ ನಿದ್ದೆಗೆ ಒಂದು ದಿನದ ಬಾಡಿಗೆ, ಅದೂ ಬಿಸಿನೀರಿಲ್ಲದೆ. ಬೆಳಗಿನ ಜಾವ ತಲುಪುವವರು '24 ಗಂಟೆ ಲೆಕ್ಕವೋ, ಇಂತಿಷ್ಟು ಹೊತ್ತಿಗೆ ಖಾಲಿ ಮಾಡಬೇಕೋ' ಅಂತ ಕೇಳದೆ ಬೀಗದಕೈ ತಗೋಬೇಡಿ.

ಸಿಟ್ಟು ಇಳಿಸಿದ್ದು ಕೋಟೆಗೆ ಹೋಗೋ ದಾರಿಯಲ್ಲಿ ಸಿಕ್ಕ ಒಂದು ಸಣ್ಣ ಹೋಟೆಲು. ಬೋರ್ಡಿಲ್ಲ, ಎರಡು ಬೆಂಚು, ಹೊರಗೆ ಬಾಣಲೆ. ನಾವು ಪುರಿ ಅನ್ನೋದನ್ನ ಇವರು ಮಂಡಕ್ಕಿ ಅಂತಾರೆ. ಅದನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಕೊಡುತ್ತಾರೆ. ಪಕ್ಕದಲ್ಲಿ ಆಗ ತಾನೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಬಜ್ಜಿ. 'ಬೆಳಿಗ್ಗೆ ಬೆಳಿಗ್ಗೆ ಪುರಿ ತಿಂತಾರಾ' ಅಂತ ಮೂಗು ಮುರಿದ ನನ್ನಾಕೆ ಎರಡನೇ ಪ್ಲೇಟು ಹೇಳಿದಳು. ಪುಡಿ ಇನ್ನಷ್ಟು ಕೇಳಿದರೆ ಅಮ್ಮ ಡಬ್ಬವನ್ನೇ ತಂದು ಮುಂದಿಟ್ಟರು. ಮೂವರು ಹೊಟ್ಟೆ ತುಂಬ ತಿಂದು, ಎರಡೆರಡು ಸಲ ಟೀ ಕುಡಿದರೂ ಬಿಲ್ಲು ಆಟೋದವನಿಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. ಕೋಟೆ ಹತ್ತುವವರು ಲಾಡ್ಜಿನ ಕೆಳಗೆ ಇಡ್ಲಿ ತಿನ್ನಬೇಡಿ, ಇದನ್ನು ತಿನ್ನಿ. ಮಧ್ಯಾಹ್ನದವರೆಗೆ ಹಸಿವಾಗಲ್ಲ.

ಈಗ ಕೋಟೆ. ನಾವು ಹೋದದ್ದು ಒನಕೆ ಓಬವ್ವನ ಕಿಂಡಿಗಾಗಿ ಅಲ್ಲ, ಪಾಳೇಗಾರರ ಮನೆ ನೋಡೋಕೆ. ಅದು ಮಾವನ ಹಟ. ಅವರು ನಲವತ್ತು ವರ್ಷ ಗಾರೆ ಮೇಸ್ತ್ರಿ. ದುರ್ಗದ ಕೋಟೆಯೊಳಗೆ ಸೂರಿಲ್ಲದ ಮಣ್ಣಿನ ಗೋಡೆ ಇನ್ನೂ ನಿಂತಿದೆಯಂತೆ ಅಂತ ಯಾರೋ ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. 800 ರೂಪಾಯಿಗೆ 'ಪೂರ್ತಿ ಕೋಟೆ' ತೋರಿಸ್ತೀನಿ ಅಂದ ಗೈಡನ್ನು ಹಿಡಿದೆವು. ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಓಬವ್ವನ ಕಿಂಡಿಯ ಮುಂದೆ ಫೋಟೋ. ಅಲ್ಲಿಗೆ ಆತನ ಕೋಟೆ ಮುಗಿಯಿತು. ಅರಮನೆ ಎಲ್ಲಿ ಅಂದರೆ, 'ಅಲ್ಲೇನಿದೆ ಸಾರ್, ಬರೀ ಮಣ್ಣಿನ ಗೋಡೆ' ಅಂದುಬಿಟ್ಟ. ದುಡ್ಡು ಮೊದಲೇ ಕೊಟ್ಟದ್ದು ನಮ್ಮ ತಪ್ಪು.

ದಾರಿ ಕೇಳಿಕೊಂಡು ನಾವೇ ಹೋದೆವು. ಟಂಕಸಾಲೆ ಅನ್ನುವ ಜಾಗದ ಆಸುಪಾಸಿನಲ್ಲಿ ಬಯಲಿನ ನಡುವೆ ಕೆಂಪು ಮಣ್ಣಿನ ಗೋಡೆಗಳು. ಮೈಸೂರಲ್ಲಿ ಹುಟ್ಟಿದವನಿಗೆ ಅರಮನೆ ಅಂದರೆ ಗುಮ್ಮಟ, ದೀಪ, ಬಣ್ಣದ ಗಾಜು. ಆ ಅರಮನೆಗೆ ಹೆನ್ರಿ ಇರ್ವಿನ್ ಅಂತ ವಾಸ್ತುಶಿಲ್ಪಿಯ ಹೆಸರಿದೆ, 1912ರಲ್ಲಿ ಮುಗಿಯಿತು ಅಂತ ಇಸವಿಯಿದೆ. ಇಲ್ಲಿ ನಮಗೆ ಒಬ್ಬ ಮೇಸ್ತ್ರಿಯ ಹೆಸರೂ ಕಾಣಲಿಲ್ಲ. ನನಗೆ ಮೊದಲು ನಿರಾಸೆಯೇ ಆಯಿತು. ಮಾವ ಮಾತ್ರ ಚಪ್ಪಲಿ ಬಿಟ್ಟು ಗೋಡೆಯ ಬುಡಕ್ಕೆ ಹೋಗಿ ಅಂಗೈಯಿಟ್ಟು ನಿಂತರು.

'ನೋಡಪ್ಪಾ, ಇದು ಒಂದೇ ಸಲ ಎಬ್ಬಿಸಿದ್ದಲ್ಲ. ಒಂದು ವರಸೆ ಇಡ್ಬೇಕು, ಒಣಗೋಕೆ ಬಿಡ್ಬೇಕು, ಆಮೇಲೆ ಮೇಲಿನ ವರಸೆ. ಅವಸರ ಮಾಡಿದ್ರೆ ಕೆಳಗಿಂದು ಹೊಟ್ಟೆ ಬಿಡುತ್ತೆ.'

ಕಡೆಯ ಮದಕರಿ ನಾಯಕನ ಕಾಲದ್ದು ಅಂತ ಇಟ್ಟುಕೊಂಡರೂ ಗೋಡೆಗೆ ಸುಮಾರು ಎರಡೂವರೆ ಶತಮಾನ. ಹೈದರಾಲಿ 1779ರಲ್ಲಿ ಕೋಟೆ ಹಿಡಿದು ಮದಕರಿಯನ್ನು ಒಯ್ದದ್ದು ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೆ. ನಾಯಕ ಸೆರೆಯಲ್ಲೇ ತೀರಿಕೊಂಡ. ತಿಂಗಳಿಗೊಮ್ಮೆ ಶ್ರೀರಂಗಪಟ್ಟಣ ದಾಟುವ ನನಗೆ ಆತನ ಮನೆ ಹೀಗಿತ್ತು ಅಂತ ಗೊತ್ತಾಗೋಕೆ ಇಷ್ಟು ದೂರ ಬರಬೇಕಾಯಿತು.

ಮಾವನ ಪ್ರಕಾರ ನಾಯಕರ ಜಾಣತನ ಮನೆಯಲ್ಲಿಲ್ಲ, ಮನೆಗೆ ಬರುವ ದಾರಿಯಲ್ಲಿದೆ. ಬಾಗಿಲುಗಳಿಗೆ ನೇರ ದಾರಿಯೇ ಇಲ್ಲ. ತಿರುವಿನ ಮೇಲೆ ತಿರುವು, ಆನೆ ಓಡಿಬಂದು ಗುದ್ದೋಕೆ ಜಾಗ ಸಿಗದ ಹಾಗೆ. ಬಂಡೆಗಳ ಮೇಲೆ ಸಾಲಾಗಿ ಚೌಕ ಚೌಕ ಕುಳಿಗಳಿವೆ, ಕಲ್ಲು ಸೀಳೋಕೆ ಬೆಣೆ ಹೊಡೆದ ಗುರುತು. ಗೈಡ್ ಅವುಗಳ ಪಕ್ಕದಲ್ಲೇ ನಡೆದು ಹೋದ, ಬಾಯಿ ಬಿಡಲಿಲ್ಲ. ಇನ್ನು ನೀರು: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ. ಮಳೆನೀರು ಒಂದರಿಂದ ಒಂದಕ್ಕೆ ಹೋಗೋ ಹಾಗೆ ಮಾಡಿದ್ದಾರೆ. ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಅರ್ಧ ಗಂಟೆ ಕೂತೆವು. ಅಲ್ಲಿವರೆಗೆ ಬರುವ ಜನ ಕಡಿಮೆ. ಜಂಗುಳಿ ಕಂಡರಾಗದ ನನಗೆ ಇಡೀ ಕೋಟೆಯಲ್ಲಿ ಹಿಡಿಸಿದ ಜಾಗ ಅದು.

ಕೆಳಗೆ ಇಳಿಯುವಾಗ ಹನ್ನೊಂದೂವರೆ, ಶಾಲೆ ಮಕ್ಕಳ ನಾಲ್ಕು ಬಸ್ಸು ಬಂದಿದ್ದವು. ಸೀಟಿ, ಕಿರುಚಾಟ, ಕೋತಿಗಳ ಜೊತೆ ಬಿಸ್ಕತ್ತಿನ ಜಗಳ. ಭಾನುವಾರ ಮತ್ತು ಶಾಲೆಗಳು ಪ್ರವಾಸ ಹೊರಡುವ ಡಿಸೆಂಬರ್ ಬಿಟ್ಟು ಹೋಗಿ, ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ನೀರು ಹೊತ್ತುಕೊಂಡೇ ಹತ್ತಿ. ಪ್ಲಾಸ್ಟಿಕ್ ಕವರು ಕೈಯಲ್ಲಿದ್ದರೆ ಅದು ಕೋತಿಯದು ಅಂತಲೇ ತಿಳ್ಕೊಳ್ಳಿ. ವಯಸ್ಸಾದವರಿಗೆ ಚಪ್ಪಲಿಗಿಂತ ಬೂಟು ಮೇಲು. ನುಣುಪಾದ ಬಂಡೆಯ ಮೇಲೆ ಮಾವ ಎರಡು ಸಲ ಜಾರಿದರು.

ಸಂಜೆ ಚಂದ್ರವಳ್ಳಿಗೆ ಹೋದೆವು. ರೋಮನ್ ನಾಣ್ಯಗಳು ಸಿಕ್ಕ, ಮಯೂರಶರ್ಮನ ಶಾಸನವಿರುವ ಜಾಗ. ಅಂಕಲಿ ಮಠದ ಗುಹೆಗೆ ಬಗ್ಗಿಕೊಂಡು ಇಳಿಯಬೇಕು, ಒಳಗೆ ಕಗ್ಗತ್ತಲೆ. ನನ್ನ ಹೆಂಡತಿ ಹೋಗಿ ಬಂದಳು. ಉಸಿರು ಕಟ್ಟುತ್ತೆ ಅನ್ನುವವರು ನನ್ನ ಹಾಗೆ ಕೆರೆ ನೋಡುತ್ತಾ ಹೊರಗೆ ಕೂತಿರಿ.

ವಾಪಸ್ ಬರೋ ಟಿಕೆಟ್ ಮಾಡಿಸುವಾಗ ಮಾವನೇ ಮುಂದೆ ನಿಂತು, 'ಬಸ್ಸು ಸ್ಟ್ಯಾಂಡಿನೊಳಗೆ ಬರುತ್ತೇನಪ್ಪಾ' ಅಂತ ಮೂರು ಸಲ ಕೇಳಿದರು. ಮುಕ್ಕಾಲು ಗಂಟೆ ತಡವಾದರೂ ಒಳಗೇ ಬಂತು.