ಓವರ್‌ಟೈಮ್‌ಗೆ ಕಾರ್ಮಿಕರ ಒಪ್ಪಿಗೆ ಇದೆಯೇ ಎಂದು ತಿಳಿಯುವುದು ಹೇಗೆ?

ರಫ್ತಿಗಾಗಿ ಉಡುಪು ತಯಾರಿಸುವ ಕಾರ್ಖಾನೆಗಳಲ್ಲಿ ಕಾರ್ಮಿಕ ಮಾನದಂಡಗಳು ಪಾಲನೆಯಾಗುತ್ತಿವೆಯೇ ಎಂದು ತಪಾಸಣೆ ಮಾಡುವುದು ನನ್ನ ಉದ್ಯೋಗ. ಯಾವ ದೇಶದ ಕಾರ್ಖಾನೆಗೆ ಹೋದರೂ ಕೈಯಲ್ಲಿರುವ ಪ್ರಶ್ನಾವಳಿ ಒಂದೇ: ವಾರಕ್ಕೆ 48 ಗಂಟೆಗಳ ಕೆಲಸ, ಏಳು ದಿನಗಳಲ್ಲಿ ಒಂದು ದಿನದ ರಜೆ, ಓವರ್‌ಟೈಮ್ ಇದ್ದರೆ ಅದು ಕಾರ್ಮಿಕರ ಒಪ್ಪಿಗೆಯ ಮೇರೆಗೆ. ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತಾನು ಸ್ಥಾಪನೆಯಾದ 1919ರಲ್ಲೇ ಅಂಗೀಕರಿಸಿದ ಮೊದಲ ಒಡಂಬಡಿಕೆಯಲ್ಲಿದೆ. ಗಂಟೆಗಳ ಲೆಕ್ಕವನ್ನು ಹಾಜರಿ ದಾಖಲೆ, ಸಂಬಳದ ಚೀಟಿ ಮತ್ತು ಉತ್ಪಾದನೆಯ ಪುಸ್ತಕ ಮೂರನ್ನೂ ಎದುರುಬದುರು ಇಟ್ಟು ತಾಳೆ ನೋಡಬಹುದು. ಒಪ್ಪಿಗೆಯನ್ನು ಹಾಗೆ ತಾಳೆ ನೋಡಲು ಬರುವುದಿಲ್ಲ. ಕೆಲಸದ ಸಂಸ್ಕೃತಿ ಮಾನದಂಡದೊಳಕ್ಕೆ ಬಂದು ಸೇರಿಕೊಳ್ಳುವುದು ಅಲ್ಲಿಯೇ.

ಮೇಲಿನವರ ಮಾತಿಗೆ ಎದುರಾಡುವುದು ಅವಿಧೇಯತೆ ಎಂದು ಎಲ್ಲರೂ ನಂಬಿರುವ ಕಡೆ, “ಓವರ್‌ಟೈಮ್ ಮಾಡುವುದು ನಿಮ್ಮ ಇಷ್ಟವೇ?” ಎಂಬ ಪ್ರಶ್ನೆಗೆ “ಹೌದು” ಎಂಬ ಉತ್ತರವಲ್ಲದೆ ಬೇರೇನೂ ಸಿಗುವುದಿಲ್ಲ. ಒಪ್ಪಿಗೆ ಪತ್ರಗಳೂ ಇರುತ್ತವೆ, ಆದರೆ ಇಡೀ ಲೈನಿನವರ ಸಹಿ ಒಂದೇ ದಿನಾಂಕದಲ್ಲಿ, ಒಂದೇ ಪೆನ್ನಿನ ಶಾಯಿಯಲ್ಲಿ, ಕೆಲಸಕ್ಕೆ ಸೇರಿದ ದಿನವೇ ಬಿದ್ದಿರುತ್ತದೆ. ಆದ್ದರಿಂದ ನಾನು ಇಷ್ಟದ ವಿಷಯವನ್ನು ಕೇಳುವುದನ್ನೇ ಬಿಟ್ಟು, ಕಳೆದ ವಾರ ಶಿಫ್ಟ್ ಮುಗಿದೊಡನೆ ಹೊರಟವರು ಯಾರು, ಮರುದಿನ ಅವರಿಗೆ ಯಾವ ಕೆಲಸ ಕೊಟ್ಟರು ಎಂದು ವಿಚಾರಿಸುತ್ತೇನೆ. ಕಾಲರ್ ಹೊಲಿಯುವ ಮಹಿಳೆಯೊಬ್ಬರು ಇದಕ್ಕೆ, “ಹೋಗಬಹುದು ಸರ್, ಯಾರೂ ತಡೆಯುವುದಿಲ್ಲ. ಬೆಳಗ್ಗೆ ಬಂದಾಗ ನನ್ನ ಮಿಷನ್ ಮೇಲೆ ಬೇರೆಯವರು ಕೂತಿರುತ್ತಾರೆ, ನನ್ನನ್ನು ದಾರ ಕತ್ತರಿಸಲು ಕಳಿಸುತ್ತಾರೆ” ಎಂದರು. ಅವರ ಕಡತದಲ್ಲಿ ಒಪ್ಪಿಗೆ ಪತ್ರ ಸರಿಯಾಗಿಯೇ ಇತ್ತು.

“ಇದು ನಮ್ಮ ಸಂಸ್ಕೃತಿ, ಹೊರಗಿನವರಿಗೆ ಅರ್ಥವಾಗದು” ಎಂದು ಆಡಳಿತ ವರ್ಗದವರು ಹೇಳುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಹೊಲಿಗೆಯ ಲೈನಿನಲ್ಲಿ ನಿಂತವರು ಆ ಮಾತನ್ನು ಹೇಳಿದ್ದು ಕೇಳಿಲ್ಲ. ದೀರ್ಘ ದುಡಿಮೆಗೆ ಹೆಸರಾದ ದೇಶಗಳ ಒಳಗಿನಿಂದಲೇ ಅದಕ್ಕೆ ವಿರೋಧ ಹುಟ್ಟಿದೆ. ಅತಿಯಾದ ದುಡಿಮೆಯ ಸಾವನ್ನು ‘ಕರೋಶಿ’ ಎಂದು ಕರೆದು, ಸತ್ತವರ ಕುಟುಂಬದವರು ನ್ಯಾಯಾಲಯದ ಮೆಟ್ಟಿಲೇರಿದ ಜಪಾನಿನಲ್ಲಿ, 2018ರ ಕಾನೂನು ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಎಂಬ ಸಾಮಾನ್ಯ ಮಿತಿಯನ್ನು ಓವರ್‌ಟೈಮ್‌ಗೆ ಹಾಕಿತು. ವಿಶೇಷ ಸಂದರ್ಭಗಳಿಗೆ ಅದರಲ್ಲಿ ಇಟ್ಟಿರುವ ವಿನಾಯಿತಿ ನನ್ನ ಅಭಿಪ್ರಾಯದಲ್ಲಿ ತೀರ ಸಡಿಲವಾಗಿದೆ. ಚೀನಾದಲ್ಲಿ ಓವರ್‌ಟೈಮ್ ತಿಂಗಳಿಗೆ 36 ಗಂಟೆ ಮೀರಬಾರದೆಂದು 1994ರ ಕಾರ್ಮಿಕ ಕಾನೂನೇ ಹೇಳಿದ್ದರೂ, ಬೆಳಗಿನ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ವಾರಕ್ಕೆ ಆರು ದಿನ ದುಡಿಸುವ ‘996’ ಪದ್ಧತಿ ಬೇರೂರಿತ್ತು. ಅದು ಕಾನೂನುಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮತ್ತು ಸಂಬಂಧಿಸಿದ ಸಚಿವಾಲಯ ಸ್ಪಷ್ಟಪಡಿಸಿದ್ದು 2021ರಲ್ಲಿ.

‘ಇಲ್ಲ’ ಎನ್ನಲಾಗದ ವಾತಾವರಣದ ಬೆಲೆ ದಣಿವಿಗಷ್ಟೇ ನಿಲ್ಲುವುದಿಲ್ಲ. ಪ್ರಾಣಕ್ಕೆ ಅಪಾಯವಿರುವ ಜಾಗವನ್ನು ಬಿಟ್ಟು ಹೊರಬಂದ ಕಾರ್ಮಿಕರಿಗೆ ಅದರಿಂದ ತೊಂದರೆಯಾಗಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆಯಲ್ಲಿ ಬರೆದಿದೆ. ಹೀಗಿದ್ದೂ ಬಾಂಗ್ಲಾದೇಶದ ರಾಣಾ ಪ್ಲಾಜಾದಲ್ಲಿ 2013ರ ಏಪ್ರಿಲ್ 23ರಂದು ಗೋಡೆಗಳು ಬಿರುಕುಬಿಟ್ಟಾಗ ಅದೇ ಕಟ್ಟಡದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತು, ಉಡುಪು ಕಾರ್ಮಿಕರನ್ನು ಮಾತ್ರ ಮರುದಿನ ಬೆಳಗ್ಗೆ ಮತ್ತೆ ಒಳಗೆ ಕರೆಸಲಾಯಿತು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಅವರ ಕಣ್ಣಿಗೂ ಬಿದ್ದಿತ್ತು. ಆನಂತರ ಬ್ರಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಆದ, ಕಾನೂನಿನ ಬಲವಿದ್ದ ಒಪ್ಪಂದದಲ್ಲಿ ಅಪಾಯದ ಕೆಲಸವನ್ನು ನಿರಾಕರಿಸುವ ಹಕ್ಕನ್ನು ಸೇರಿಸಲಾಯಿತು. ಕಾರ್ಮಿಕ ಸಂಘವಿರುವ ಕಾರ್ಖಾನೆಯಲ್ಲಿ ನನ್ನ ಪ್ರಶ್ನೆಗಳಿಗೆ ಸಿಗುವ ಉತ್ತರಗಳೇ ಬೇರೆ, ಏಕೆಂದರೆ ಅಲ್ಲಿ ಎದುರುತ್ತರ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ.

ಸಂಸ್ಕೃತಿಯ ಮಾತು ಬಂದಾಗಲೆಲ್ಲ ಕಾರ್ಖಾನೆಯತ್ತ ಮಾತ್ರ ಬೆರಳು ತೋರಿಸುವುದು ನ್ಯಾಯವಲ್ಲ. ಖರೀದಿದಾರರ ಕಚೇರಿಗೂ ಒಂದು ಸಂಸ್ಕೃತಿಯಿದೆ. ಫ್ರಾನ್ಸಿನಲ್ಲಿ ಕೆಲಸದ ಅವಧಿ ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕು 2017ರಿಂದ ಜಾರಿಯಲ್ಲಿದೆ, ಅದು ಒಳ್ಳೆಯದೇ. ಆದರೆ ತಮ್ಮ ವಾರಾಂತ್ಯವನ್ನು ಕಾಪಾಡಿಕೊಳ್ಳುವ ಕಚೇರಿಯೇ ಶುಕ್ರವಾರ ಸಂಜೆ ಗುಂಡಿಯ ಬಣ್ಣವನ್ನು ಬದಲಿಸಿ, ಹಡಗಿಗೆ ಸರಕು ಏರಿಸುವ ದಿನಾಂಕವನ್ನು ಬದಲಿಸದೆ ಬಾಗಿಲು ಹಾಕಿದರೆ, ಅವರ ಭಾನುವಾರದ ವಿಶ್ರಾಂತಿಯ ಹೊರೆ ಇನ್ನೊಂದು ದೇಶದ ಹೊಲಿಗೆ ಲೈನಿನ ಮೇಲೆ ಬೀಳುತ್ತದೆ. 2023ರಲ್ಲಿ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆಯು ಖರೀದಿಯ ಕ್ರಮವನ್ನೂ ಕಂಪನಿಯ ಹೊಣೆಗಾರಿಕೆಯೊಳಗೆ ತಂದಿರುವುದು ಈ ಕಾರಣಕ್ಕೆ ನನಗೆ ಮುಖ್ಯವಾಗಿ ಕಾಣುತ್ತದೆ. ಈಗ ನಾನು ಓವರ್‌ಟೈಮ್ ಪುಸ್ತಕದ ಜೊತೆಗೆ, ಆ ಆರ್ಡರಿನ ಮಾದರಿಗೆ ಕೊನೆಯ ಅನುಮತಿ ಬಂದ ದಿನಾಂಕ ಯಾವುದು, ನಂತರ ಯಾವ ಬದಲಾವಣೆಗಳನ್ನು ಸೂಚಿಸಿದರು ಎಂಬುದನ್ನೂ ಕೇಳಿ ಪಡೆದು, ಎರಡನ್ನೂ ವರದಿಯ ಒಂದೇ ಪುಟದಲ್ಲಿ ನಮೂದಿಸುತ್ತೇನೆ.