ಹುತ್ತದ ರಾಣಿಗೆ ನಾನೇ ಹಾಕಿದ ಬೀಗ

ಹೊಸನಗರದ ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ಹುತ್ತದೊಳಗಿದ್ದ ತುಡುವೆ ಜೇನಿನ ಕುಟುಂಬ ಪಾಲಾಯಿತು, ಎಂದರೆ ಹಳೆಯ ರಾಣಿ ಒಂದು ಪಾಲು ನೊಣಗಳೊಂದಿಗೆ ಹೊರಬಿತ್ತು. ಹಳೆಯ ರಾಣಿಯ ಹಿಂಡನ್ನು ಹಿಡಿದು ಪೆಟ್ಟಿಗೆಗೆ ಕೂರಿಸಿದ್ದು ಜೇನು ಸಾಕುವವರಿಗೆಲ್ಲ ಗೊತ್ತಿರುವ ಕೆಲಸ, ಬಿಡಿ. ನನ್ನ ಕಣ್ಣಿದ್ದದ್ದು ಹುತ್ತದಲ್ಲಿ ಉಳಿದ ಹೊಸ ರಾಣಿಯ ಮೇಲೆ. ಅದು ಗಂಡು ಕೂಡಲು ಹಾರುವುದನ್ನು ಒಮ್ಮೆಯಾದರೂ ನೋಡಬೇಕಿತ್ತು. ಪೆಟ್ಟಿಗೆಯಾದರೆ ಎರಿ ಎತ್ತಿ ನೋಡಬಹುದು. ಹುತ್ತಕ್ಕೆ ಇರುವುದು ಹೆಬ್ಬೆರಳು ಗಾತ್ರದ ಒಂದೇ ಕಿಂಡಿ.

ನಾನಿಲ್ಲದಾಗ ಹಾರಿಬಿಟ್ಟರೆ? ಅದಕ್ಕೇ ಕಿಂಡಿಗೆ ರಾಣಿ ಗೇಟು (ಕೆಲಸಗಾರ ನೊಣ ನುಸುಳುವ, ದಪ್ಪ ರಾಣಿ ದಾಟಲಾಗದ ಸರಳಿನ ತಡೆ) ಇಟ್ಟು ಸುತ್ತ ಮಣ್ಣು ಮೆತ್ತಿದೆ. ಗೇಟಿನದೇ ಒಂದು ಪುರಾಣ. ತುಡುವೆಗೆ ಎಂದು ಎರಡು ಸಲ ಹೇಳಿದರೂ ಅಂಗಡಿಯವರು ಕಳಿಸಿದ್ದು ಮೆಲ್ಲಿಫೆರಾ, ಅಂದರೆ ದೊಡ್ಡ ಗಾತ್ರದ ಯುರೋಪಿನ ಜೇನಿನ ಅಳತೆಯದು. ಬದಲಿ ಬರುವಷ್ಟರಲ್ಲಿ ಕೊರಿಯರ್ ಖರ್ಚು ಗೇಟಿನ ಬೆಲೆಯನ್ನೇ ದಾಟಿತ್ತು.

ಐದು ದಿನ ಹನ್ನೊಂದಕ್ಕೆ ಗೇಟು ತೆಗೆದು ಕುಳಿತೆ, ಮೂರೂವರೆಗೆ ಮತ್ತೆ ಹಾಕಿ ಚಹಾಕ್ಕೆ ಮನೆಗೆ ಹೋದೆ. ರಾಣಿಯ ಸುಳಿವಿಲ್ಲ. ಕೂಡದೆ ದಿನ ಕಳೆದ ರಾಣಿ ಕೊನೆಗೆ ಬರೀ ಗಂಡು ಮೊಟ್ಟೆ ಇಡುತ್ತದೆ, ಎದೆ ಡವಗುಟ್ಟುತ್ತಿತ್ತು. ಆರನೆಯ ದಿನ ಕನ್ನಡಕ ಮರೆತು, ನಾಲ್ಕು ಗಂಟೆಯ ಮೇಲೆ ವಾಪಸು ಹೋದರೆ, ಗೇಟಿನ ಹಿಂದೆ ಗಂಡು ನೊಣಗಳ ಜಾತ್ರೆ! ದಪ್ಪ ಕಣ್ಣಿನ ಕಪ್ಪು ತಲೆಗಳು ಒಂದರ ಮೇಲೊಂದು ಏರಿ ಸರಳಿಗೆ ಒತ್ತಿಕೊಂಡು ಗುಂಯ್‌ಗುಡುತ್ತಿದ್ದವು. ಜೊತೆಗಿದ್ದ ಚಿಕ್ಕಪ್ಪ, "ಮದುವೆ ಮನೆಗೆ ಬೀಗ ಹಾಕಿ ಮುಹೂರ್ತ ಕಾಯುತ್ತಿದ್ದೀಯಲ್ಲ ಮಾರಾಯ" ಎಂದರು.

ಮೆಲ್ಲಿಫೆರಾ ವೇಳಾಪಟ್ಟಿ ನಂಬಿ ಕೆಟ್ಟಿದ್ದೆ. ಜೇನು ಸಂಶೋಧಕರಾದ ಕೋನಿಗರ್ ಮತ್ತು ವಿಜಯಗುಣಶೇಖರ 1976ರಲ್ಲೇ ಶ್ರೀಲಂಕಾದ ಲೆಕ್ಕ ಪ್ರಕಟಿಸಿದ್ದರು: ಕೋಲುಜೇನಿನ ಗಂಡುಗಳು ಹಾರುವುದು 12ರಿಂದ 2.30, ತುಡುವೆಯವು 4.15ರಿಂದ 5.15, ಹೆಜ್ಜೇನಿನವು ಸಂಜೆ 6ರಿಂದ 6.45. ಮೂರೂ ಜಾತಿಯ ರಾಣಿಯರು ಗಂಡನ್ನು ಕರೆಯುವ ವಾಸನೆಯ ಮುಖ್ಯ ಅಂಶ ಒಂದೇ. ಒಂದೇ ಆಕಾಶದಲ್ಲಿ ಗೊಂದಲವಾಗದಂತೆ ಕಾಯುವುದು ಹೊತ್ತು. ಓದಿದ್ದೆ, ಮರೆತಿದ್ದೆ.

ಮರುದಿನ ಮೂರೂಮುಕ್ಕಾಲಿಗೆ ಗೇಟು ಕಿತ್ತೆ. 4.22ಕ್ಕೆ ನೀಳ ಹೊಟ್ಟೆಯ ರಾಣಿ ಕಿಂಡಿಯ ಅಂಚಿಗೆ ಬಂದು, ಒಮ್ಮೆ ಒಳಗೆ ಸರಿದು, ಮತ್ತೆ ಬಂದು ಹಾರಿತು. ಹುತ್ತಕ್ಕೆ ಮುಖ ಮಾಡಿ ಎರಡು ಸುತ್ತು ತೂಗಾಡಿ ಮೇಲಕ್ಕೆ ಮಾಯ. 4.46ಕ್ಕೆ ಮರಳಿದಾಗ ಹೊಟ್ಟೆಯ ತುದಿಯಲ್ಲಿ ಬಿಳಿಯ ಎಳೆಯೊಂದು ಅಂಟಿಕೊಂಡಿತ್ತು: ಕೂಡಿ ಸತ್ತ ಕೊನೆಯ ಗಂಡಿನ ಗುರುತು. ತುಡುವೆ ರಾಣಿ ಹತ್ತಕ್ಕೂ ಹೆಚ್ಚು ಗಂಡುಗಳೊಂದಿಗೆ ಕೂಡುವುದು ಸಾಮಾನ್ಯ. ಮೊಬೈಲಿನಲ್ಲಿ ಮಾತ್ರ ಮುಂದಿದ್ದ ಜರೀಗಿಡದ ಎಲೆ ಸೊಗಸಾಗಿ ಮೂಡಿದೆ. ರಾಣಿ ಒಂದು ಮಸುಕು ಗೆರೆ.

ಇನ್ನು ಆ ಗಂಡುಗಳು ಸೇರುವ ಜಾಗ ಹುಡುಕಬೇಕು. ರಾಣಿ ಎತ್ತರದಲ್ಲಿ ಇಲ್ಲದಿದ್ದರೆ ಅವು ಮೂಸಿಯೂ ನೋಡುವುದಿಲ್ಲ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ತುದಿಗೆ ಪಂಜರದಲ್ಲಿ ಹಳೆಯ ರಾಣಿಯನ್ನು ಕಟ್ಟಿ, ಬೆಟ್ಟದ ಮರಗಳ ಸಂದಿನಲ್ಲಿ ಎತ್ತಿ ನೋಡುವ ಯೋಚನೆ. ದೋಟಿ ಚಿಕ್ಕಪ್ಪನದು, ಕೊಯ್ಲು ಮುಗಿಯುವ ತನಕ ಮುಟ್ಟಬೇಡ ಎಂದಿದ್ದಾರೆ. ಅಷ್ಟರಲ್ಲಿ ಇನ್ನೊಂದು ತಲೆನೋವು: ಮೂರು ದಿನದಿಂದ ಸರಿಯಾಗಿ ನಾಲ್ಕಕ್ಕೆ, ಹಾರುವ ಜೇನನ್ನು ಹಿಡಿದು ತಿನ್ನುವ ಕಾಜಾಣ ಹಕ್ಕಿಯೊಂದು ಹುತ್ತದ ಎದುರಿನ ಬೇಲಿ ತಂತಿಯ ಮೇಲೆ ಬಂದು ಕೂರುತ್ತಿದೆ.