ಕಾವಿಗಿಡುವ ಮೊದಲು ಹುಂಜಕ್ಕೊಂದು ಜಾಗ

ಇಂಗ್ಲೆಂಡಿನಲ್ಲಿ ಮನೆ ಹಿಂದೆ ನಾವು ಕೋಳಿ ಸಾಕಲು ಶುರು ಮಾಡಿದ್ದು 2022ರ ಮೇ ತಿಂಗಳಲ್ಲಿ. ಮೂರು ಕಂದು ಹ್ಯಾಟೆಗಳು. ಅವು ಬಂದ ಮೊದಲ ಸಂಜೆಯೇ ಉಳಿದ ಅನ್ನವನ್ನು ತಟ್ಟೆಗೆ ಹಾಕಿಕೊಂಡು ಹಿತ್ತಲಿಗೆ ಹೋದೆ. ಬೇಲಿಯ ಆಚೆ ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಹಾಕುತ್ತಿದ್ದರು. ತಟ್ಟೆ ನೋಡಿದವರೇ, "ಅದನ್ನ ಹಾಕಬೇಡಮ್ಮ, ಇಲ್ಲಿ ಅದು ಕಾನೂನಿಗೆ ವಿರುದ್ಧ" ಎಂದರು. ನನಗೆ ಅರ್ಥವೇ ಆಗಲಿಲ್ಲ. ಕೋಳಿಗೆ ಅನ್ನ ಹಾಕಿದರೆ ತಪ್ಪೇನು, ಅಲ್ವಾ?

ಒಳಗೆ ಬಂದು ಓದಿ ನೋಡಿದೆ. ಅಜ್ಜಿ ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ ಅಡುಗೆಮನೆ ಹೊಕ್ಕು ಬಂದ ಯಾವ ತಿನಿಸನ್ನೂ ಕೋಳಿಗೆ ಹಾಕುವಂತಿಲ್ಲ. ಇರುವುದು ಎರಡೇ ಕೋಳಿಯಾದರೂ ಅಷ್ಟೆ, ಪ್ರೀತಿಗೆ ಸಾಕಿದ್ದರೂ ಅಷ್ಟೆ. ಕ್ಯಾರೆಟ್ ಸಿಪ್ಪೆ, ಎಲೆಕೋಸಿನ ಹೊರಗಿನ ಎಲೆ ಕೂಡ ಇದರಲ್ಲಿ ಸೇರಿತು. ಸಸ್ಯಾಹಾರಿಗಳ ಮನೆಗೂ ವಿನಾಯಿತಿ ಇಲ್ಲ, ಯಾಕೆಂದರೆ ಅಲ್ಲಿ ಹಾಲು, ಮೊಸರು, ತುಪ್ಪ ಇರುತ್ತದೆ. ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ ವೀಗನ್ ಅಡುಗೆಮನೆಗೆ ಮಾತ್ರ ಬಿಡುಗಡೆ.

ಮೊದಲು ಸಿಟ್ಟು ಬಂತು. ಕಾರಣ ತಿಳಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ. 2001ರಲ್ಲಿ ಈ ದೇಶದಲ್ಲಿ ಕಾಲುಬಾಯಿ ರೋಗ ಹಬ್ಬಿತು. ಸರಿಯಾಗಿ ಕುದಿಸದ ಎಂಜಲನ್ನು ಹಂದಿಗಳಿಗೆ ಹಾಕಿದ್ದೇ ಮೂಲ ಎಂದು ಆಮೇಲೆ ಗೊತ್ತಾಯಿತು. ರೋಗ ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಎಷ್ಟೋ ರೈತರ ಕೊಟ್ಟಿಗೆ ಒಂದೇ ದಿನದಲ್ಲಿ ಖಾಲಿಯಾಯಿತು. ಅಂಥದ್ದನ್ನು ಕಂಡ ಜನ ಎಂಜಲಿನ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದು ನನಗೆ ಸರಿ ಎನ್ನಿಸುತ್ತದೆ.

ಅಜ್ಜಿಗೆ ಕೋಳಿ ವಿಷಯ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಅವರು ಚಿಕ್ಕ ಹುಡುಗಿ. ಆಗ ಪಡಿತರದಲ್ಲಿ ಒಬ್ಬರಿಗೆ ವಾರಕ್ಕೆ ಒಂದು ಮೊಟ್ಟೆ, ಅದೂ ಸಿಕ್ಕರೆ. ಆ ಮೊಟ್ಟೆ ಬೇಡವೆಂದು ಬರೆದುಕೊಟ್ಟರೆ ಬದಲಿಗೆ ಕೋಳಿ ಮೇವಿನ ಹಿಟ್ಟು ಕೊಡುತ್ತಿದ್ದರು. ಅವರ ಅಮ್ಮ ಹಾಗೆ ಮೇವು ತಂದು, ಅಡುಗೆಮನೆಯ ಸಿಪ್ಪೆಗಳನ್ನು ಬೇಯಿಸಿ ಅದಕ್ಕೆ ಕಲಸಿ ಹಾಕುತ್ತಿದ್ದರಂತೆ. ಆಗ ಸರ್ಕಾರವೇ ಹಾಗೆ ಮಾಡಿ ಎನ್ನುತ್ತಿತ್ತು. ಮೊಟ್ಟೆಯ ಪಡಿತರ ಮುಗಿದದ್ದು 1953ರಲ್ಲಿ. ಮೊಟ್ಟೆ ಎಂದರೆ ಅಜ್ಜಿಯ ದನಿಯೇ ಬದಲಾಗುತ್ತದೆ.

ಹಾಗಾದರೆ ಏನು ಹಾಕುತ್ತೀಯ ಎಂದು ಕೇಳುತ್ತೀರಿ. ಮುಖ್ಯ ಮೇವು ಪೆಲೆಟ್, ಅಂದರೆ ಗುಳಿಗೆಯಂತೆ ಒತ್ತಿ ಮಾಡಿದ ಕೋಳಿ ಮೇವು. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ. ಅದರಲ್ಲಿ 16 ಪರ್ಸೆಂಟ್ ಪ್ರೋಟೀನ್ ಇದ್ದರೆ ಸಾಕು. ಜೊತೆಗೆ ಕ್ಯಾಲ್ಸಿಯಂ ಜಾಸ್ತಿ ಬೇಕು, ಯಾಕೆಂದರೆ ಒಂದೊಂದು ಚಿಪ್ಪಿಗೂ ಎರಡು ಗ್ರಾಂನಷ್ಟು ಹೋಗುತ್ತದೆ. ಮೇವಿನಲ್ಲಿ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಅದಕ್ಕೇ ಒಂದು ಬಟ್ಟಲಲ್ಲಿ ಪುಡಿ ಮಾಡಿದ ಸಿಂಪಿ ಚಿಪ್ಪು ಬೇರೆಯಾಗಿ ಇಟ್ಟಿರುತ್ತೇನೆ. ಬೇಕಾದವು ಬೇಕಾದಷ್ಟು ತಿನ್ನುತ್ತವೆ. ಇನ್ನೊಂದು ಬಟ್ಟಲಲ್ಲಿ ಸಣ್ಣ ಕಲ್ಲುಹರಳು. ಕೋಳಿಗೆ ಹಲ್ಲಿಲ್ಲ, ಹೊಟ್ಟೆಯಲ್ಲಿ ಕಾಳು ಅರೆಯುವುದೇ ಆ ಕಲ್ಲು. ಸೊಪ್ಪು ಮಾತ್ರ ಹಿತ್ತಲಿನಿಂದ ನೇರವಾಗಿ ಗೂಡಿಗೆ ಹೋಗುತ್ತದೆ. ಪಾಲಕ್ ಕೊಯ್ದರೆ ಗಟ್ಟಿ ಎಲೆಗಳನ್ನು ಅಲ್ಲೇ ಕಿತ್ತು ಹಾಕಿ, ಉಳಿದದ್ದನ್ನು ಮಾತ್ರ ಒಳಗೆ ತರುತ್ತೇನೆ. ಬಾಗಿಲು ದಾಟಿದ ಎಲೆ ಮತ್ತೆ ಆಚೆ ಹೋಗುವುದಿಲ್ಲ. ಈಗ ಅದು ಅಭ್ಯಾಸವಾಗಿದೆ.

ನೋಂದಣಿಯೂ ಇದೆ. ಮೊದಲು 50 ಹಕ್ಕಿಗಿಂತ ಕಡಿಮೆ ಇದ್ದವರಿಗೆ ಕಡ್ಡಾಯ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ಹೆಸರು ಬರೆಸಬೇಕು. ಹಕ್ಕಿಜ್ವರ ಬಂದರೆ ಎಲ್ಲೆಲ್ಲಿ ಕೋಳಿ ಇವೆ ಎಂದು ಗೊತ್ತಿರಲಿ ಅಂತ. ನಾವು ಸಾಕಿದ ಮೊದಲ ಚಳಿಗಾಲದಲ್ಲೇ ಅದು ಬಂತು. 2022ರ ನವೆಂಬರ್ 7ರಿಂದ ಮುಂದಿನ ಏಪ್ರಿಲ್ 18ರವರೆಗೆ ಒಂದು ಕೋಳಿಯನ್ನೂ ಹೊರಗೆ ಬಿಡುವಂತಿರಲಿಲ್ಲ. ಐದು ತಿಂಗಳಿಗೂ ಹೆಚ್ಚು ಕಾಲ ಬಲೆ ಕಟ್ಟಿದ ಗೂಡಿನೊಳಗೆ. ಒಂದನ್ನೊಂದು ಕುಕ್ಕದಿರಲಿ ಎಂದು ಒಣ ಮಣ್ಣು ತುಂಬಿದ ಟಬ್ ಇಟ್ಟೆ, ಎಲೆಕೋಸನ್ನು ತೋಟದಿಂದ ಇಡಿಯಾಗಿ ಕಿತ್ತು ನೇತುಹಾಕಿದೆ. ಬಿಟ್ಟ ದಿನ ಅವು ರೆಕ್ಕೆ ಬಿಚ್ಚಿಕೊಂಡು ಹುಲ್ಲಿನ ಮೇಲೆ ಓಡಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು.

ಆ ಚಳಿಗಾಲದಲ್ಲಿ ಮೊಟ್ಟೆಯೂ ಕಡಿಮೆಯಾಗಿತ್ತು. ಚಳಿಯಿಂದ ಅಂದುಕೊಂಡಿದ್ದೆ, ಆದರೆ ಕಾರಣ ಬೆಳಕು. ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ಇಲ್ಲಿ ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಗೂಡಿನಲ್ಲಿ ಬಲ್ಬ್ ಹಾಕಿ ಎನ್ನುವವರಿದ್ದಾರೆ. ನಾನು ಹಾಕುವುದಿಲ್ಲ. ಅವುಗಳಿಗೂ ಬಿಡುವು ಬೇಕು.

ಮರಿ ಮಾಡಿಸುವ ಆಸೆ ಮಗಳದು. 2023ರ ಏಪ್ರಿಲ್ ಕೊನೆಗೆ ಮೊಟ್ಟೆಗೆ ಕಾವು ಕೊಡುವ ಒಂದು ಸಣ್ಣ ಯಂತ್ರ, ಇನ್‌ಕ್ಯುಬೇಟರ್, ತಂದು, ಅಂಚೆಯಲ್ಲಿ 12 ಆರ್ಪಿಂಗ್ಟನ್ ಮೊಟ್ಟೆ ತರಿಸಿದೆವು. ಇದು ಕೆಂಟ್ ಜಿಲ್ಲೆಯ ಆರ್ಪಿಂಗ್ಟನ್ ಎಂಬ ಊರಿನಲ್ಲಿ 1886ರಲ್ಲಿ ವಿಲಿಯಂ ಕುಕ್ ಎಂಬುವರು ಮಾಡಿದ ತಳಿ. ದಪ್ಪ ಪುಕ್ಕದ, ಸಾಧು ಕೋಳಿ. ಅಂಚೆಯಲ್ಲಿ ಅಲುಗಾಡಿ ಬಂದ ಮೊಟ್ಟೆಯನ್ನು ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಸುಮ್ನೆ ಇಡಬೇಕು. ಒಳಗಿನ ಗಾಳಿಯ ಜಾಗ ಮತ್ತೆ ನೆಲೆ ನಿಲ್ಲುತ್ತದೆ. ಆಮೇಲೆ 37.5 ಡಿಗ್ರಿ, ದಿನಕ್ಕೆ ಮೂರು ಸಲವಾದರೂ ಹೊರಳಿಸುವುದು. ಏಳನೇ ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ನೋಡಿದೆವು. ಮರಿಯಾಗುವ ಮೊಟ್ಟೆಯಲ್ಲಿ ಜೇಡದ ಹಾಗೆ ರಕ್ತನಾಳಗಳು ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತದೆ. ಮಗಳು ಉಸಿರು ಬಿಗಿಹಿಡಿದು, "ಅಮ್ಮ, ಅದು ನಮ್ಮನ್ನ ನೋಡ್ತಿದೆಯಾ?" ಎಂದಳು. 12ರಲ್ಲಿ ಎಂಟು ಹಾಗೆ ಕಂಡವು.

ತಪ್ಪು ಮಾಡಿದ್ದು ಕೊನೆಯ ಮೂರು ದಿನ. 18ನೇ ದಿನದಿಂದ ಹೊರಳಿಸುವುದು ನಿಲ್ಲಿಸಿ, ಒಳಗೆ ತೇವ ಹೆಚ್ಚಿಸಿ, ಮುಚ್ಚಳ ತೆಗೆಯಲೇಬಾರದು. ನಾನು ತೆಗೆದೆ. ಒಂದು ಮರಿ ಹೊರಬಂದರೆ ಎತ್ತಿ ಇಡೋಣ ಎಂದು, ಇನ್ನೊಂದು ಬಿರುಕು ಬಿಟ್ಟಿದೆಯಾ ನೋಡೋಣ ಎಂದು. ಪ್ರತಿ ಸಲವೂ ತೇವ ಆಚೆ ಹೋಯಿತು. ಒಂದು ಮರಿ ಚಿಪ್ಪಿಗೆ ತೂತು ಮಾಡಿ ಅಲ್ಲೇ ನಿಂತುಬಿಟ್ಟಿತು. ಒಳಗಿನ ಪೊರೆ ಒಣಗಿ ಮೈಗೆ ಅಂಟಿಕೊಂಡಿತ್ತು. ಅದರ ಕಿಚಿಕಿಚಿ ಕೇಳಲಾರದೆ ನಾನು ಉಗುರಿನಿಂದ ಚಿಪ್ಪು ಬಿಡಿಸಿದೆ. ರಕ್ತ ಬಂತು. ತೂತು ಮಾಡಿದ ಮೇಲೆ ಮರಿ ಸುಮ್ಮನಿರುವುದು ದಣಿವಿನಿಂದಲ್ಲ. ಪೊರೆಯಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅದಕ್ಕೆ 12 ಗಂಟೆಯಾಗಬಹುದು, 24 ಗಂಟೆಯೂ ಆಗಬಹುದು. ಆ ಹಳದಿಯೇ ಅದಕ್ಕೆ ಮೊದಲ ಎರಡು ದಿನದ ಬುತ್ತಿ, ಅದಕ್ಕೇ ಹುಟ್ಟಿದ ಮರಿಗೆ ತಕ್ಷಣ ಮೇವು ಬೇಕಾಗುವುದಿಲ್ಲ. ಇದನ್ನೆಲ್ಲ ನಾನು ಓದಿದ್ದು ಮರಿ ಸತ್ತ ಮೇಲೆ.

ಐದು ಉಳಿದವು. ದೀಪದಡಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿದೆವು. ಸೆಕೆಯಾದರೆ ದೂರ ಓಡುತ್ತವೆ, ಚಳಿಯಾದರೆ ದೀಪದ ಕೆಳಗೆ ಗುಂಪಾಗುತ್ತವೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಒಳ್ಳೆಯದು. ಚೆನ್ನಾಗಿ ಬೆಳೆದವು. ಆರ್ಪಿಂಗ್ಟನ್ ಮರಿ ಗಂಡೋ ಹೆಣ್ಣೋ ಎಂದು ಎಂಟು ವಾರವಾದರೂ ಸರಿಯಾಗಿ ಗೊತ್ತಾಗುವುದಿಲ್ಲ. ಜುಟ್ಟು ಕೆಂಪಾಗುತ್ತಾ ಬಂದ ಹಾಗೆ ನನ್ನ ಎದೆ ಭಾರವಾಯಿತು. ಐದರಲ್ಲಿ ಮೂರು ಹುಂಜ.

ಆಗಸ್ಟ್ ಕೊನೆಗೆ ದೊಡ್ಡ ಹುಂಜ ಕೂಗಲು ಶುರು ಮಾಡಿತು. ಬೆಳಗಿನ ಐದೂವರೆಗೆ, ಒತ್ತೊತ್ತಾಗಿ ಇರುವ ಮನೆಗಳ ನಡುವೆ. ಇಲ್ಲಿ ಹುಂಜ ಸಾಕಬಾರದೆಂದು ಕಾನೂನಿಲ್ಲ, ಆದರೆ ಯಾರಾದರೂ ದೂರು ಕೊಟ್ಟರೆ ಕೌನ್ಸಿಲಿನವರು ನೋಟಿಸ್ ಕೊಡಬಹುದು. ಬಾಡಿಗೆಗೆ ಸಿಗುವ ತರಕಾರಿ ತುಂಡು ಜಮೀನುಗಳಲ್ಲಿ ಹ್ಯಾಟೆ ಸಾಕಲು 1950ರ ಕಾಯಿದೆ ಅವಕಾಶ ಕೊಟ್ಟಿದೆ. ಅದರಲ್ಲೂ ಹುಂಜ ಬೇಡ ಎಂದು ಬರೆದಿದೆ. ನಾನು ಎಲ್ಲರನ್ನೂ ಕೇಳಿದೆ. ಹುಂಜ ಬೇಕೆನ್ನುವವರು ಯಾರೂ ಇರಲಿಲ್ಲ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕಾಗುತ್ತದೆ, ಮರಿಗಳಲ್ಲಿ ಮಾತ್ರ ಅರ್ಧಕ್ಕರ್ಧ ಗಂಡೇ ಹುಟ್ಟುತ್ತವೆ. ಹೆಣ್ಣು ಮರಿಗಳನ್ನೇ ಆರಿಸಿ ಕೊಂಡುಕೊಳ್ಳಬಹುದು ನಿಜ. ಆದರೆ ದೊಡ್ಡ ಮರಿಕೇಂದ್ರಗಳಲ್ಲಿ ಅವುಗಳ ಜೊತೆ ಹುಟ್ಟಿದ ಗಂಡು ಮರಿಗಳನ್ನು ಅದೇ ದಿನ ಕೊಲ್ಲುತ್ತಾರೆ. ಜರ್ಮನಿ ಇದನ್ನು 2022ರಿಂದ ನಿಲ್ಲಿಸಿದೆ, ಬ್ರಿಟನ್ ಇನ್ನೂ ನಿಲ್ಲಿಸಿಲ್ಲ. ಕೊನೆಗೆ ಹಳ್ಳಿ ಕಡೆಯ ಒಬ್ಬ ರೈತರು ಮೂರನ್ನೂ ತೆಗೆದುಕೊಂಡರು. ಒಂದನ್ನು ತಮ್ಮ ಹ್ಯಾಟೆಗಳ ಜೊತೆ ಬಿಟ್ಟರು, ಎರಡನ್ನು ಊಟಕ್ಕೆ ಬಳಸುತ್ತೇನೆ ಎಂದು ನೇರವಾಗಿಯೇ ಹೇಳಿದರು. ಹಾಗೆ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಮಗಳಿಗೂ ನಿಜವನ್ನೇ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೋಳಿ ಸಾಕುವ ಆಸೆ ಇರುವ ಎಲ್ಲರಿಗೂ ನಾನು ಹೇಳುವುದು ಇಷ್ಟೇ. ಒಂದು ಮೊಟ್ಟೆಯನ್ನೂ ಕಾವಿಗೆ ಇಡುವ ಮೊದಲು ಹುಟ್ಟುವ ಹುಂಜಗಳು ಎಲ್ಲಿಗೆ ಹೋಗುತ್ತವೆ ಎಂದು ಗೊತ್ತುಮಾಡಿಕೊಳ್ಳಿ. ಇನ್‌ಕ್ಯುಬೇಟರ್, ದೀಪ, ಮೇವು ಎಲ್ಲ ಆಮೇಲೆ.

ಮರುವರ್ಷ ಮೇ ತಿಂಗಳಲ್ಲಿ ನಮ್ಮ ಆರ್ಪಿಂಗ್ಟನ್ ಹ್ಯಾಟೆಯೊಂದು ತಾನಾಗಿಯೇ ಕಾವಿಗೆ ಕೂತಿತು. ಎದೆಯ ಪುಕ್ಕ ಕಿತ್ತುಕೊಂಡು, ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಎನ್ನುತ್ತಿತ್ತು. ಮೊದಲು ರೈತರಿಗೆ ಫೋನ್ ಮಾಡಿದೆ. ಅವರು ಒಪ್ಪಿದ ಮೇಲೆಯೇ ಮೊಟ್ಟೆ ತರಿಸಿದ್ದು. ಆರೇ ಆರು, ಕ್ರೀಮ್ ಲೆಗ್‌ಬಾರ್ ತಳಿಯವು. ಕೇಂಬ್ರಿಜ್‌ನಲ್ಲಿ ರೆಜಿನಾಲ್ಡ್ ಪನೆಟ್ ಮತ್ತು ಮೈಕೆಲ್ ಪೀಸ್ ಎಂಬ ವಿಜ್ಞಾನಿಗಳ ಕೆಲಸದಿಂದ ಬಂದ ತಳಿ ಇದು. ಮೈಮೇಲೆ ಪಟ್ಟೆ ಮೂಡಿಸುವ ಗುಣ ಗಂಡಿಗೆ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ, ಹೆಣ್ಣಿಗೆ ತಂದೆಯಿಂದ ಮಾತ್ರ. ಹಾಗಾಗಿ ಹುಟ್ಟಿದ ದಿನವೇ ಬಣ್ಣ ನೋಡಿ ಹೇಳಬಹುದು. ಹೆಣ್ಣು ಮರಿಯ ಬೆನ್ನಿನ ಮೇಲೆ ಅಳಿಲಿನ ಹಾಗೆ ಗಾಢ ಗೆರೆ. ಗಂಡಿನ ಮೈ ಮಾಸಲು, ತಲೆಯ ಮೇಲೆ ಬಿಳಿ ಮಚ್ಚೆ.

ಈ ಸಲ ನಾನು ಮಾಡಿದ್ದು ತುಂಬಾ ಕಡಿಮೆ. ರಾತ್ರಿ ಕತ್ತಲಲ್ಲಿ ಅದರ ಅಡಿಗೆ ಮೊಟ್ಟೆ ಸರಿಸಿದೆ. ದಿನಕ್ಕೊಮ್ಮೆ ಎದ್ದು ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಿ ಬರಲು ಬಿಟ್ಟೆ. ಮೊಟ್ಟೆ ಹೊರಳಿಸುವುದು, ತೇವ ನೋಡುವುದು ಎಲ್ಲ ಅದೇ ಮಾಡಿತು. 20ನೇ ದಿನ ಅದು ಮೆಲ್ಲಗೆ ಕ್ಲುಕ್ ಕ್ಲುಕ್ ಎನ್ನಲು ಶುರು ಮಾಡಿತು. ಕಿವಿಯಿಟ್ಟು ಕೇಳಿದರೆ ಮೊಟ್ಟೆಯೊಳಗಿಂದ ಉತ್ತರ ಬರುತ್ತಿತ್ತು. ಮಗಳೂ ನಾನೂ ಗೂಡಿನ ಹೊರಗೆ ಕೂತು ಕೇಳಿದೆವು. ಮುಟ್ಟಲಿಲ್ಲ.

ಐದು ಮರಿ. ಮೂರು ಗೆರೆಯವು, ಎರಡು ಮಚ್ಚೆಯವು. ಅವತ್ತೇ ರೈತರಿಗೆ "ಎರಡು" ಎಂದು ತಿಳಿಸಿದೆ. ತಾಯಿ ಮರಿ ಒಟ್ಟಿಗೆ ಇರುವಾಗ ದೊಡ್ಡ ಕೋಳಿಯ ಪೆಲೆಟ್ ಹಾಕಬೇಡಿ. ಅದರ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಮರಿಗಳ ಪುಡಿಮೇವನ್ನೇ ಎಲ್ಲಕ್ಕೂ ಹಾಕಿದೆ, ತಾಯಿ ಆಗ ಮೊಟ್ಟೆ ಇಡುವುದಿಲ್ಲವಲ್ಲ. ಅದು ಮೇವು ಕುಕ್ಕಿ ಬೀಳಿಸಿ ಕರೆಯುತ್ತಿತ್ತು, ಮರಿಗಳು ಓಡಿ ಬರುತ್ತಿದ್ದವು. ಸುಮಾರು ಆರು ವಾರಕ್ಕೆ ಅದೇ ಅವನ್ನು ದೂರ ಮಾಡಿತು.

ಅಷ್ಟರಲ್ಲಿ ದಿನ ಕುಗ್ಗಿತು. ಹೊಸ ಹ್ಯಾಟೆಗಳು ಚಳಿಗಾಲ ಪೂರ್ತಿ ಕಾದು, ಫೆಬ್ರುವರಿಯಲ್ಲಿ ಮೊದಲ ಮೊಟ್ಟೆ ಇಟ್ಟವು. ತಿಳಿ ನೀಲಿ ಬಣ್ಣದ್ದು. ಚಿಲಿ ದೇಶದ ಕೋಳಿಯ ರಕ್ತದಿಂದ ಈ ತಳಿಗೆ ಬಂದ ಬಣ್ಣ. ಚಿಪ್ಪಿನ ಒಳಗೂ ನೀಲಿಯೇ. ಬೆಚ್ಚಗಿದ್ದ ಹಾಗೆಯೇ ತೆಗೆದುಕೊಂಡು ಹೋಗಿ ಬೇಲಿಯ ಮೇಲಿನಿಂದ ಅಜ್ಜಿಯ ಕೈಗಿಟ್ಟೆ. ಅವರು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಮ್ಮ ಕೋಳಿ ಸಾಕುವ ಮೊದಲು ವಾರಕ್ಕೆ ಒಂದು ಬರುತ್ತಿತ್ತು. ನಾನೂ ತಮ್ಮನೂ ಅರ್ಧರ್ಧ ತಿನ್ನುತ್ತಿದ್ದೆವು" ಎಂದರು.